ಓದುಗರ ಪ್ರಶ್ನೆ, ನಮ್ಮ ಉತ್ತರ: ವೇಗದ ಕಾರಿಗೆ ಇ85 ತುಂಬಿಸುವ ಮುನ್ನ

ಹೆಚ್ಚು ಶಕ್ತಿಯ ಕಾರುಗಳನ್ನು ಎಥೆನಾಲ್ ಬೆರೆತ ಇಂಧನಕ್ಕೆ ಒಗ್ಗಿಸುವ ಬಗ್ಗೆ ಬಂದಿರುವ ಪತ್ರಗಳಿಗೆ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇನೆ. ‘ಇ’ ಅಕ್ಷರದ ಮುಂದಿನ ಸಂಖ್ಯೆಯು ಇಂಧನದ ನೂರು ಪಾಲಿನಲ್ಲಿ ಎಥೆನಾಲ್ ಎಷ್ಟಿದೆ ಎಂಬುದನ್ನು ಹೇಳುತ್ತದೆ. ಇ10 ಎಂದರೆ ಹತ್ತು ಪಾಲು. ಇ85 ಎಂದರೆ, ಹೆಸರಿಗೆ, ಎಂಬತ್ತೈದು ಪಾಲು. ‘ಹೆಸರಿಗೆ’ ಎಂದು ಏಕೆ ಬರೆದೆ ಎಂಬುದು ಮುಂದಿನ ಉತ್ತರವೊಂದರಲ್ಲಿ ತಿಳಿಯುತ್ತದೆ.

ಪ್ರಶ್ನೆ: ನನ್ನದು ಎರಡು ಲೀಟರಿನ, ನಾಲ್ಕು ಸಿಲಿಂಡರಿನ ಟರ್ಬೊ ಕಾರು. ಇಂಧನವನ್ನು ಇನ್‌ಟೇಕ್ ಪೋರ್ಟಿನಲ್ಲಿ (ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ) ಚಿಮ್ಮಿಸುವ ವ್ಯವಸ್ಥೆ ಇದರದ್ದು. ನಿಮಿಷಕ್ಕೆ 550 ಸಿಸಿ ಇಂಧನ ಚಿಮ್ಮಿಸಬಲ್ಲ ಇಂಜೆಕ್ಟರುಗಳಿದ್ದು, ಪೆಟ್ರೋಲಿನಲ್ಲಿ ಸುಮಾರು 300 ಅಶ್ವಶಕ್ತಿ ಬರುತ್ತಿದೆ. ಇ85 ತುಂಬಿಸಿ ಇಸಿಯುವನ್ನು (ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರನ್ನು) ಟ್ಯೂನ್ ಮಾಡಿಸಿದರೆ ಸಾಕು, ಶಕ್ತಿ ತಾನಾಗಿಯೇ ಏರುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಇದು ನಿಜವೇ?

ಉತ್ತರ: ಅರ್ಧ ನಿಜ, ಎಂಜಿನ್ ಕೆಡುವುದು ಉಳಿದ ಅರ್ಧದಲ್ಲಿ. ಮೊದಲಿಗೆ, ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಹೆಚ್ಚಿನ ಶಕ್ತಿಯೇನೂ ಅಡಗಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 32 ಮೆಗಾಜೂಲ್ ಶಾಖ ಬರುತ್ತದೆ, ಅಷ್ಟೇ ಎಥೆನಾಲ್‌ನಿಂದ ಸುಮಾರು 21 ಮಾತ್ರ. ಆದರೆ ಎಂಜಿನ್ನಿನ ಶಕ್ತಿಯನ್ನು ನಿರ್ಧರಿಸುವುದು ಅದು ಎಳೆದುಕೊಳ್ಳುವ ಗಾಳಿ. ಒಂದು ಕಿಲೋ ಗಾಳಿಯಲ್ಲಿ ಪೂರ್ತಿಯಾಗಿ ಉರಿಯುವಷ್ಟು ಪೆಟ್ರೋಲನ್ನೋ ಎಥೆನಾಲನ್ನೋ ಬೆರೆಸಿದಾಗ ಎರಡರಿಂದಲೂ ಹೆಚ್ಚುಕಡಿಮೆ ಒಂದೇ ಶಾಖ ಸಿಗುತ್ತದೆ. ಹಾಗಾಗಿ ಟರ್ಬೊ ಇಲ್ಲದ, ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಎಂಜಿನ್ನಿಗೆ ಇ85 ಕುಡಿಸಿ ದೊಡ್ಡ ಬದಲಾವಣೆಯನ್ನು ನಿರೀಕ್ಷಿಸುವವರು ನಿರಾಶರಾಗುತ್ತಾರೆ.

ಟರ್ಬೊ ಎಂಜಿನ್ನಿನ ವಿಷಯವೇ ಬೇರೆ. ಎಥೆನಾಲ್‌ನ ಸಂಶೋಧನಾ ಆಕ್ಟೇನ್ ಸಂಖ್ಯೆ, ಅಂದರೆ ತಾನಾಗಿಯೇ ಹೊತ್ತಿಕೊಳ್ಳದಿರುವ ಗುಣದ ಅಳತೆ, 108ರ ಆಸುಪಾಸಿನಲ್ಲಿದೆ. ಜೊತೆಗೆ, ದ್ರವದಿಂದ ಆವಿಯಾಗುವಾಗ ಅದು ಗಾಳಿಯಿಂದ ಹೀರಿಕೊಳ್ಳುವ ಶಾಖವೂ ಬಹಳ ಹೆಚ್ಚು. ಅದೇ ಪ್ರಮಾಣದ ಗಾಳಿಗೆ ಬೇಕಾಗುವ ಪೆಟ್ರೋಲಿನೊಡನೆ ಹೋಲಿಸಿದರೆ ಶುದ್ಧ ಎಥೆನಾಲ್ ಸುಮಾರು ನಾಲ್ಕು ಪಟ್ಟು ತಂಪು ಮಾಡುತ್ತದೆ. ಈ ಎರಡು ಗುಣಗಳಿಂದಾಗಿ ಸಿಲಿಂಡರಿನಲ್ಲಿ ನಾಕಿಂಗ್ (ಬಿಸಿ ಮತ್ತು ಒತ್ತಡದಿಂದ ಮಿಶ್ರಣ ತಾನಾಗಿಯೇ ಸಿಡಿಯುವುದು) ಆಗುವ ಭಯ ದೂರ ಸರಿಯುತ್ತದೆ. ಬೂಸ್ಟನ್ನು (ಟರ್ಬೊ ಗಾಳಿ ತುಂಬುವ ಒತ್ತಡವನ್ನು) ಏರಿಸಲು, ಇಗ್ನಿಷನ್ ಟೈಮಿಂಗನ್ನು ಮುಂದಕ್ಕೆ ತರಲು, ಅಂದರೆ ಕಿಡಿಯನ್ನು ಇನ್ನೂ ಬೇಗ ಹೊತ್ತಿಸಲು, ಅವಕಾಶ ಸಿಗುತ್ತದೆ. ಇಂಧನ ಕೊಡುವುದು ಆ ಅವಕಾಶವನ್ನಷ್ಟೇ, ಶಕ್ತಿಯನ್ನಲ್ಲ. ಕಾರ್ಖಾನೆಗಳೂ ಇದನ್ನೇ ಬಳಸಿಕೊಂಡಿವೆ: 2007ರ ಕೋನಿಗ್ಸೆಗ್ ಸಿಸಿಎಕ್ಸ್‌ಆರ್ ಇ85ರಲ್ಲಿ 1018 ಅಶ್ವಶಕ್ತಿ ಕೊಡುತ್ತಿದ್ದರೆ, ಅದರ ಪೆಟ್ರೋಲ್ ಸೋದರ ಸಿಸಿಎಕ್ಸ್ 806ರಲ್ಲಿ ನಿಂತಿತ್ತು, 2023ರ ಡಾಡ್ಜ್ ಡೀಮನ್ 170ಕ್ಕೆ ಇ10ರಲ್ಲಿ 900, ಇ85ರಲ್ಲಿ 1025 ಅಶ್ವಶಕ್ತಿ ಎಂದು ಕಂಪನಿಯೇ ಪ್ರಕಟಿಸಿದೆ.

ಈಗ ನಿಮ್ಮ ಕಾರಿನ ಲೆಕ್ಕಕ್ಕೆ ಬರೋಣ. ಪೂರ್ತಿಯಾಗಿ ಉರಿಯಲು ಪೆಟ್ರೋಲಿನ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕು, ಇ85ಕ್ಕೆ ಸುಮಾರು 9.8 ಸಾಕು. ಅಂದರೆ ಅಷ್ಟೇ ಗಾಳಿಗೆ ತೂಕದಲ್ಲಿ ಒಂದೂವರೆ ಪಟ್ಟು ಇಂಧನ ಸುರಿಯಬೇಕಾಗುತ್ತದೆ. ಇ85 ಪೆಟ್ರೋಲಿಗಿಂತ ಸ್ವಲ್ಪ ಭಾರವಾದ್ದರಿಂದ ಲೀಟರಿನ ಲೆಕ್ಕದಲ್ಲಿ ಹೆಚ್ಚಳವು ಶೇಕಡ 35ರಿಂದ 40ರಷ್ಟಾಗುತ್ತದೆ. ನಿಮ್ಮ 550 ಸಿಸಿ ಇಂಜೆಕ್ಟರುಗಳು 300 ಅಶ್ವಶಕ್ತಿಗೆ ತಮ್ಮ ಸಾಮರ್ಥ್ಯದ ಶೇಕಡ 85ರಷ್ಟು ದುಡಿಯುತ್ತಿವೆ ಎಂದಿಟ್ಟುಕೊಳ್ಳಿ, ಅದೇ ಸುರಕ್ಷಿತ ಮಿತಿ. ಆಗ ಪ್ರತಿಯೊಂದೂ ನಿಮಿಷಕ್ಕೆ ಸುಮಾರು 470 ಸಿಸಿ ಚಿಮ್ಮಿಸುತ್ತಿರುತ್ತದೆ. ಇ85ರಲ್ಲಿ ಅದೇ 300 ಅಶ್ವಶಕ್ತಿಗೆ 630ರಿಂದ 655 ಸಿಸಿ ಬೇಕು. ಇಡೀ ಹೊತ್ತು ತೆರೆದೇ ಇದ್ದರೂ ನಿಮ್ಮ ಇಂಜೆಕ್ಟರಿಗೆ ಅದು ಸಾಧ್ಯವಿಲ್ಲ. ಇದ್ದ ಶಕ್ತಿಯನ್ನು ಉಳಿಸಿಕೊಳ್ಳುವುದಕ್ಕೇ 750 ಸಿಸಿಯ ಆಸುಪಾಸಿನ ಇಂಜೆಕ್ಟರುಗಳು ಬೇಕು, ಏರಿಸುವ ಆಸೆಯಿದ್ದರೆ 1000 ಸಿಸಿಯವನ್ನು ಕೊಳ್ಳುವುದು ಜಾಣತನ. ಇಂಜೆಕ್ಟರ್ ಸಾಲದೆ ಹೋದರೆ ಎಂಜಿನ್ ಶಕ್ತಿ ಕಡಿಮೆ ಮಾಡಿಕೊಂಡು ಸುಮ್ಮನಿರುವುದಿಲ್ಲ. ಪೂರ್ಣ ಬೂಸ್ಟಿನಲ್ಲಿ ಮಿಶ್ರಣ ತೆಳುವಾಗಿ ಪಿಸ್ಟನ್ನಿನ ನೆತ್ತಿ ಕರಗುತ್ತದೆ.

ನಂತರದ್ದು ಪಂಪು. ನಾಲ್ಕು ಇಂಜೆಕ್ಟರುಗಳಿಗೆ ತಲಾ 655 ಸಿಸಿ ಎಂದರೆ ಗಂಟೆಗೆ ಸುಮಾರು 157 ಲೀಟರ್. ‘255 ಲೀಟರಿನ ಪಂಪ್ ಧಾರಾಳವಾಯಿತು’ ಎಂದು ಹಲವರು ಇಲ್ಲಿಯೇ ಎಡವುತ್ತಾರೆ. ಪಂಪಿನ ಮೇಲೆ ಬರೆದಿರುವ ಸಂಖ್ಯೆ ಕಡಿಮೆ ಒತ್ತಡದಲ್ಲಿ ಅಳೆದದ್ದು. ಮೂಲ ಒತ್ತಡ 3 ಬಾರ್, ಅದರ ಮೇಲೆ ಬೂಸ್ಟ್ 1.5 ಬಾರ್ ಸೇರಿದರೆ ಪಂಪು 4.5 ಬಾರಿಗೆ ಎದುರಾಗಿ ತಳ್ಳಬೇಕು. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ತಯಾರಕರು ಕೊಡುವ ನಕ್ಷೆಯಲ್ಲಿ 4.5 ಬಾರಿನ ಗೆರೆಯನ್ನು ನೋಡಿ, ಅಲ್ಲಿ ಗಂಟೆಗೆ ಕನಿಷ್ಠ 190 ಲೀಟರ್ ಇರುವ ಪಂಪನ್ನೇ ಆರಿಸಿ. ಮುಂದೆ ಶಕ್ತಿ ಏರಿಸುವುದಾದರೆ ಅದೇ ಅನುಪಾತದಲ್ಲಿ ಇದೂ ಏರಬೇಕು. ಎಂಜಿನ್ ಓಡುತ್ತಿರುವಾಗ ಪಂಪಿನ ಟರ್ಮಿನಲ್ಲಿನಲ್ಲೇ ವೋಲ್ಟೇಜ್ ಅಳೆಯುವುದನ್ನು ಮರೆಯಬೇಡಿ. ಹಳೆಯ ತೆಳು ವೈರಿನಲ್ಲಿ ಒಂದೂವರೆ ವೋಲ್ಟ್ ಸೋರಿಹೋದರೆ ಹೊಸ ಪಂಪಿನ ದೊಡ್ಡಸ್ತಿಕೆಯೂ ಅದರೊಡನೆ ಹೋಯಿತು.

ಇವೆಲ್ಲ ಆದ ಮೇಲೆಯೇ ಟ್ಯೂನಿಂಗ್. ನಿಮ್ಮ ಗೆಳೆಯರು ಮೊದಲು ಹೇಳಿದ್ದು ವಾಸ್ತವದಲ್ಲಿ ಕೊನೆಯ ಕೆಲಸ.

ಪ್ರಶ್ನೆ: ಇ85ಕ್ಕೆ ಬದಲಾಯಿಸಿದ ಮೇಲೆ ನಾಕ್ ಸೆನ್ಸರ್ ಒಮ್ಮೆಯೂ ಎಚ್ಚರಿಸಿಲ್ಲ. ಹಾಗಾದರೆ ಟೈಮಿಂಗನ್ನು ಇನ್ನಷ್ಟು ಮುಂದಕ್ಕೆ ತರಬಹುದಲ್ಲವೇ?

ಉತ್ತರ: ಬಂದಿರುವ ಪತ್ರಗಳಲ್ಲೆಲ್ಲ ನನ್ನನ್ನು ಹೆಚ್ಚು ಕಳವಳಗೊಳಿಸಿದ ಪ್ರಶ್ನೆ ಇದು. ಬೂಸ್ಟಿನ ಮೇಲೆ ಓಡುವ ಪೆಟ್ರೋಲ್ ಎಂಜಿನ್ನಿನಲ್ಲಿ ಟೈಮಿಂಗನ್ನು ಮುಂದಕ್ಕೆ ತರುತ್ತಾ ಹೋದರೆ, ಟಾರ್ಕ್ ತನ್ನ ತುದಿಯನ್ನು ಮುಟ್ಟುವ ಮೊದಲೇ ನಾಕಿಂಗ್ ಶುರುವಾಗಿ ನಿಮ್ಮನ್ನು ತಡೆಯುತ್ತದೆ. ಅದು ಕಾವಲುಗಾರನಿದ್ದ ಹಾಗೆ. ಇ85ರಲ್ಲಿ ಆ ಕಾವಲುಗಾರ ಮನೆಗೆ ಹೋಗಿದ್ದಾನೆ. ಟಾರ್ಕ್ ತನ್ನ ತುದಿ ಮುಟ್ಟಿ, ಅಲ್ಲಿಂದ ಇಳಿಯತೊಡಗಿದರೂ ಸೆನ್ಸರ್ ಮೌನವಾಗಿಯೇ ಇರುತ್ತದೆ.

ಆ ತುದಿಯ ಆಚೆಗೆ ಏನಾಗುತ್ತದೆ ಎಂದರೆ, ಸಿಲಿಂಡರಿನ ಒತ್ತಡದ ಶಿಖರ ಪಿಸ್ಟನ್ ಮೇಲ್ತುದಿಯಲ್ಲಿರುವ ಹೊತ್ತಿಗೆ ತೀರ ಹತ್ತಿರ ಬರುತ್ತದೆ. ಆ ಕ್ಷಣದಲ್ಲಿ ಕನೆಕ್ಟಿಂಗ್ ರಾಡ್ ಬಹುತೇಕ ನೆಟ್ಟಗೆ ನಿಂತಿರುವುದರಿಂದ ಒತ್ತಡವು ಕ್ರ್ಯಾಂಕನ್ನು ತಿರುಗಿಸುವ ಬದಲು ರಾಡನ್ನೇ ಹಿಂಡುತ್ತದೆ. ಶಕ್ತಿ ಒಂದಿಷ್ಟೂ ಹೆಚ್ಚುವುದಿಲ್ಲ, ರಾಡ್, ಬೇರಿಂಗ್ ಮತ್ತು ಹೆಡ್ ಗ್ಯಾಸ್ಕೆಟ್ಟಿನ ಮೇಲಿನ ಹೊರೆ ಮಾತ್ರ ಹೆಚ್ಚುತ್ತದೆ. ಡೈನೊ (ಎಂಜಿನ್ನಿನ ಶಕ್ತಿ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿದ್ದ ಒಂದು ಕಾರಿನಲ್ಲಿ ನಾನೇ ಕಂಡ ಸಂಗತಿ: ಒಂದೊಂದೇ ಡಿಗ್ರಿ ಏರಿಸುತ್ತಾ ಹೋದಾಗ ಮೊದಲ ಕೆಲವು ಡಿಗ್ರಿಗಳಿಗೆ ಟಾರ್ಕಿನ ಗೆರೆ ಎದ್ದು ಕಾಣುವಂತೆ ಮೇಲೇರಿತು, ನಂತರದ ಡಿಗ್ರಿಗೆ ಕೂದಲೆಳೆಯಷ್ಟು, ಅದರಾಚೆಯ ಎರಡು ಡಿಗ್ರಿಗಳಿಗೆ ಹಳೆಯ ಗೆರೆಯ ಮೇಲೆಯೇ ಹೊಸ ಗೆರೆ ಬಂದು ಕೂತಿತು. ಅಲ್ಲಿಯೇ ನಿಲ್ಲಬೇಕು, ನಿಂತ ಮೇಲೆ ಒಂದೆರಡು ಡಿಗ್ರಿ ಹಿಂದಕ್ಕೂ ಬರಬೇಕು. ಡೈನೊ ಇಲ್ಲದೆ, ಸೆನ್ಸರಿನ ಮೌನವನ್ನೇ ಸಮ್ಮತಿಯೆಂದು ನಂಬಿ ರಸ್ತೆಯಲ್ಲಿ ಟೈಮಿಂಗ್ ಏರಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಇದೇ ಕಾರಣಕ್ಕೆ ಕಡಿಮೆ ವೇಗದಲ್ಲಿ, ಅಂದರೆ ನಿಮಿಷಕ್ಕೆ 2500ರಿಂದ 3500 ಸುತ್ತುಗಳ ನಡುವೆ, ಬೂಸ್ಟನ್ನು ಒಮ್ಮೆಲೇ ಸುರಿಯುವ ಟ್ಯೂನಿಂಗ್ ಬೇಡ. ರಾಡುಗಳು ಬಾಗುವುದು ಸಾಮಾನ್ಯವಾಗಿ ಅಲ್ಲಿಯೇ. ಇನ್ನೊಂದು ಮಾತು: ಎಥೆನಾಲ್ ನಾಕಿಂಗನ್ನು ತಡೆದರೂ, ಕೆಂಪಗೆ ಕಾದ ಪ್ಲಗ್ಗಿನ ತುದಿಯಂಥ ಬಿಸಿ ಜಾಗ ಸಿಕ್ಕರೆ ಕಿಡಿಗೆ ಮೊದಲೇ ಹೊತ್ತಿಕೊಳ್ಳುವ ಸ್ವಭಾವ ಅದಕ್ಕಿದೆ. ಹಾಗಾಗಿ ಶಕ್ತಿ ಏರಿಸಿದಾಗ ಸ್ಪಾರ್ಕ್ ಪ್ಲಗ್ಗನ್ನು ಒಂದು ಹಂತ ತಣ್ಣನೆಯದಕ್ಕೆ ಬದಲಾಯಿಸಿ.

ಪ್ರಶ್ನೆ: ನನ್ನ ಕಾರಿನಲ್ಲಿ ಇಂಧನ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುತ್ತದೆ. ಇ85 ಬೇಡ, ಇ30ಕ್ಕಿಂತ ಮೇಲೆ ಹೋಗಬೇಡಿ ಎಂದು ಟ್ಯೂನರ್ ಹೇಳುತ್ತಿದ್ದಾರೆ. ಅವರಿಗೆ ತಿಳಿಯದೆ ಹೇಳುತ್ತಿದ್ದಾರೆಯೇ? ಇ30 ಬೆರೆಸುವುದು ಹೇಗೆ?

ಉತ್ತರ: ತಿಳಿದೇ ಹೇಳುತ್ತಿದ್ದಾರೆ. ನಿಮಿಷಕ್ಕೆ 6000 ಸುತ್ತುಗಳಲ್ಲಿ ಎಂಜಿನ್ನಿನ ಒಂದು ಪೂರ್ಣ ಆವರ್ತಕ್ಕೆ 20 ಮಿಲಿಸೆಕೆಂಡ್ ಹಿಡಿಯುತ್ತದೆ. ಪೋರ್ಟಿನಲ್ಲಿ ಚಿಮ್ಮಿಸುವ ಇಂಜೆಕ್ಟರು ಅದರಲ್ಲಿ ಬಹುಪಾಲನ್ನು ಬಳಸಿಕೊಳ್ಳಬಹುದು. ನೇರ ಇಂಜೆಕ್ಷನ್ನಿಗೆ ಸಿಗುವುದು ಗಾಳಿ ಎಳೆದುಕೊಳ್ಳುವ 5 ಮಿಲಿಸೆಕೆಂಡ್, ಮತ್ತು ಒತ್ತುವ ಹಂತದ ಒಂದು ಪಾಲು, ಅಷ್ಟೇ. ಅದರ ಜೊತೆಗೆ, ಕ್ಯಾಮ್ ಶಾಫ್ಟಿನಿಂದ ಓಡುವ ಅಧಿಕ ಒತ್ತಡದ ಪಂಪು ಒಂದೊಂದು ಹೊಡೆತಕ್ಕೆ ಇಷ್ಟೇ ಎಂದು ಅಳೆದು ಕೊಡುತ್ತದೆ. ಬೇಡಿಕೆ ಅದನ್ನು ಮೀರಿದಾಗ ರೈಲಿನ, ಅಂದರೆ ಇಂಜೆಕ್ಟರುಗಳಿಗೆ ಇಂಧನ ಹಂಚುವ ಕೊಳವೆಯ, ಒತ್ತಡ ಕುಸಿಯುತ್ತದೆ; ಇಸಿಯು ದಾಖಲಿಸಿದ ಲಾಗಿನಲ್ಲಿ ಬೇಡಿದ ಒತ್ತಡ ಮತ್ತು ಸಿಕ್ಕ ಒತ್ತಡದ ಗೆರೆಗಳು ಬೇರೆಯಾಗತೊಡಗಿದರೆ ನಿಮ್ಮ ಮಿತಿ ಅಲ್ಲಿದೆ ಎಂದು ತಿಳಿಯಿರಿ. ದೊಡ್ಡ ಪಂಪನ್ನು ಹಾಕಿ ಮುಂದೆ ಹೋಗುವವರಿದ್ದಾರೆ. ಆದರೆ ಇ30ರಲ್ಲಿಯೇ ನಾಕಿಂಗ್ ವಿರುದ್ಧದ ಲಾಭದ ಒಳ್ಳೆಯ ಪಾಲು ಕೈಗೆ ಬಂದಿರುತ್ತದೆ. ದಿನವೂ ಓಡಿಸುವ ಕಾರಿಗೆ ನಾನೂ ಅದನ್ನೇ ಹೇಳುತ್ತಿದ್ದೆ.

ಬೆರೆಸುವ ಲೆಕ್ಕ ಸುಲಭ. ಬರಿದಾದ 50 ಲೀಟರಿನ ಟ್ಯಾಂಕಿಗೆ 13.3 ಲೀಟರ್ ಇ85, 36.7 ಲೀಟರ್ ಇ10 ಹಾಕಿದರೆ ಇ30 ಆಗುತ್ತದೆ. ಆದರೆ ಇ85 ಎಂದು ಮಾರುವ ಇಂಧನದಲ್ಲಿ ಎಂಬತ್ತೈದು ಪಾಲು ಇದ್ದೇ ಇರುತ್ತದೆ ಎಂದೇನಿಲ್ಲ. ಅಮೆರಿಕದ ಎಎಸ್‌ಟಿಎಂ ಮಾನದಂಡವೇ ಋತುಮಾನಕ್ಕೆ ತಕ್ಕಂತೆ 51ರಿಂದ 83ರವರೆಗೆ ಅವಕಾಶ ಕೊಡುತ್ತದೆ. ಚಳಿಗಾಲದಲ್ಲಿ ಎಂಜಿನ್ ಸುಲಭವಾಗಿ ಹೊತ್ತಿಕೊಳ್ಳಲೆಂದು ಪೆಟ್ರೋಲಿನ ಪಾಲು ಹೆಚ್ಚಿಸಿರುತ್ತಾರೆ. ನಿಮಗೆ ಸಿಕ್ಕಿದ್ದು ನಿಜದಲ್ಲಿ ಇ60 ಆಗಿದ್ದರೆ, ಮೇಲಿನ ಅಳತೆಯಲ್ಲಿ ಬೆರೆಸಿದ್ದು ಇ30 ಆಗದೆ ಇ23 ಆಯಿತು. ಇ30ಕ್ಕೆಂದು ಟೈಮಿಂಗ್ ಏರಿಸಿಟ್ಟ ಎಂಜಿನ್ನಿಗೆ ಆ ಏಳು ಪಾಲಿನ ಕೊರತೆ ಸಣ್ಣದಲ್ಲ.

ಪರೀಕ್ಷಿಸಲು ದುಬಾರಿ ಸಾಧನ ಬೇಕಿಲ್ಲ. ಗೆರೆ ಕೊರೆದ 100 ಮಿಲಿಲೀಟರಿನ ಗಾಜಿನ ಅಳತೆ ಕೊಳವೆಗೆ ಸರಿಯಾಗಿ 50 ಮಿಲಿಲೀಟರ್ ನೀರು ಹಾಕಿ, ಕಾಣಲೆಂದು ನೀರಿಗೆ ಒಂದು ಹನಿ ಬಣ್ಣ ಬೆರೆಸಿ, ಮೇಲೆ 50 ಮಿಲಿಲೀಟರ್ ಇಂಧನ ಸುರಿದು, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಆವಿಯ ಒತ್ತಡ ಹೊರಬರಲು ಮುಚ್ಚಳವನ್ನು ಒಮ್ಮೆ ಸಡಿಲಿಸಿ, ಕೆಲವು ನಿಮಿಷ ಬಿಡಿ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿಗೆ ಸೇರಿಕೊಳ್ಳುವುದರಿಂದ ಬಣ್ಣದ ಪದರ ಮೇಲೇರಿ ನಿಲ್ಲುತ್ತದೆ. ಅದು 90ರ ಗೆರೆಯಲ್ಲಿ ನಿಂತರೆ ನಲವತ್ತು ಮಿಲಿಲೀಟರ್ ಸೇರಿತು, ಅಂದರೆ ಐವತ್ತರಲ್ಲಿ ನಲವತ್ತು, ಶೇಕಡ 80. ನೀರು ಮತ್ತು ಎಥೆನಾಲ್ ಬೆರೆತಾಗ ಒಟ್ಟು ಗಾತ್ರ ಸ್ವಲ್ಪ ಕುಗ್ಗುವುದರಿಂದ ನಿಜವಾದ ಪಾಲು ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ. ಬೆಂಕಿಯಿಂದ ದೂರ, ಬಯಲಿನಲ್ಲಿ ಮಾಡಬೇಕಾದ ಕೆಲಸವಿದು. ಉಳಿದ ದ್ರವವನ್ನು ಮತ್ತೆ ಟ್ಯಾಂಕಿಗೆ ಸುರಿಯಬಾರದು.

ಈ ತೊಂದರೆಯೇ ಬೇಡವೆನ್ನುವವರು ಫ್ಲೆಕ್ಸ್ ಫ್ಯೂಯಲ್ ಸೆನ್ಸರನ್ನು ಹಾಕಿಸಿಕೊಳ್ಳಲಿ. ಎಥೆನಾಲ್‌ನ ವಿದ್ಯುತ್ ಗುಣ ಪೆಟ್ರೋಲಿಗಿಂತ ಬಹಳ ಬೇರೆಯಾದ್ದರಿಂದ, ಹರಿಯುವ ಇಂಧನವನ್ನು ಅಳೆದು ಅದು ಇಸಿಯುವಿಗೆ ಸಂಕೇತ ಕಳಿಸುತ್ತದೆ. ಹೆಚ್ಚಾಗಿ ಸಿಗುವ ಸೆನ್ಸರಿನಲ್ಲಿ 50 ಹರ್ಟ್ಸ್ ಎಂದರೆ ಎಥೆನಾಲ್ ಇಲ್ಲ, 150 ಎಂದರೆ ಪೂರ್ತಿ ಎಥೆನಾಲ್. 135 ಕಂಡರೆ ಅದು ಇ85. ಇಸಿಯು ಆ ಸಂಕೇತವನ್ನು ಓದಿ ಇಂಧನ, ಟೈಮಿಂಗ್, ಬೂಸ್ಟ್ ಮೂರನ್ನೂ ಹೊಂದಿಸುವಂತಿರಬೇಕು. ಇಂಧನವನ್ನು ಮಾತ್ರ ಹೊಂದಿಸಿ ಟೈಮಿಂಗನ್ನು ಹಾಗೆಯೇ ಬಿಡುವ ಅಗ್ಗದ ಪೆಟ್ಟಿಗೆಗಳು ವೇಗದ ಕಾರಿಗೆ ಹೇಳಿ ಮಾಡಿಸಿದವಲ್ಲ.

ಪ್ರಶ್ನೆ: ಇ85ಕ್ಕೆ ಸರಿಯಾದ ಅನುಪಾತ 9.8 ಎಂದು ಓದಿದ್ದೇನೆ. ಆದರೆ ಐಡಲಿನಲ್ಲಿ ನನ್ನ ವೈಡ್‌ಬ್ಯಾಂಡ್ ಗೇಜು (ಹೊಗೆಯನ್ನು ಅಳೆದು ಗಾಳಿ, ಇಂಧನದ ಅನುಪಾತ ಹೇಳುವ ಮಾಪಕ) 14.7 ತೋರಿಸುತ್ತಿದೆ. ಮಿಶ್ರಣ ಅಪಾಯಕಾರಿಯಾಗಿ ತೆಳುವಾಗಿದೆಯೇ?

ಉತ್ತರ: ಇಲ್ಲ, ಎಲ್ಲವೂ ಸರಿಯಾಗಿದೆ. ಸೆನ್ಸರು ಅಳೆಯುವುದು ಲ್ಯಾಮ್ಡಾವನ್ನು, ಅಂದರೆ ಇಂಧನ ಯಾವುದೇ ಇರಲಿ, ಪೂರ್ತಿಯಾಗಿ ಉರಿಯಲು ಬೇಕಾದುದಕ್ಕಿಂತ ಗಾಳಿ ಹೆಚ್ಚಾಯಿತೋ ಕಡಿಮೆಯಾಯಿತೋ ಎಂಬುದನ್ನು. ಲ್ಯಾಮ್ಡಾ 1 ಬಂದಾಗ ಗೇಜು ಅದನ್ನು ಪೆಟ್ರೋಲಿನ ಸಂಖ್ಯೆಯಿಂದ ಗುಣಿಸಿ 14.7 ಎಂದು ಬರೆಯುತ್ತದೆ. ಪೂರ್ಣ ಹೊರೆಯಲ್ಲಿ 11.8 ಕಂಡರೆ ಅದು ಲ್ಯಾಮ್ಡಾ 0.80. ಈ ಗೊಂದಲದಿಂದ ಹಾಳಾದ ಕಾರೊಂದು ನನ್ನ ಬಳಿಗೆ ಬಂದಿತ್ತು. ಯಾವುದೋ ವರ್ಕ್‌ಶಾಪಿನಲ್ಲಿ ಗೇಜು 9.8 ತೋರಿಸುವವರೆಗೂ ಇಂಧನ ಸುರಿದಿದ್ದರು. ಅದು ಲ್ಯಾಮ್ಡಾ 0.67. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಮೇಲಿನ ಗುರುತನ್ನೂ ದಾಟಿ ಎರಡು ಬೆರಳು ಏರಿತ್ತು, ಮೂಗಿಗೆ ಹಿಡಿದರೆ ಸ್ಪಿರಿಟ್ ವಾಸನೆ. ಗೇಜನ್ನು ಲ್ಯಾಮ್ಡಾ ತೋರಿಸುವಂತೆ ಬದಲಾಯಿಸಿಕೊಳ್ಳಿ, ಈ ತಲೆನೋವೇ ಇರುವುದಿಲ್ಲ.

ಪ್ರಶ್ನೆ: ಎಥೆನಾಲ್ ಪೈಪು, ಟ್ಯಾಂಕುಗಳನ್ನು ತಿಂದುಹಾಕುತ್ತದೆ ಎನ್ನುತ್ತಾರಲ್ಲ?

ಉತ್ತರ: ತಿಂದುಹಾಕುವುದು ಎಂಬ ಮಾತು ಅತಿಯಾಯಿತು, ಆದರೆ ಸುಳ್ಳಲ್ಲ. ನೈಸರ್ಗಿಕ ರಬ್ಬರು, ಬೆಂಡಿನ ಗ್ಯಾಸ್ಕೆಟ್ಟು, ಹಳೆಯ ಬಗೆಯ ಓ ರಿಂಗುಗಳು ಉಬ್ಬಿ ಮೆತ್ತಗಾಗುತ್ತವೆ ಅಥವಾ ಸೀಳುತ್ತವೆ. ಲೇಪನವಿಲ್ಲದ ಅಲ್ಯೂಮಿನಿಯಮ್, ಸತು, ಸೀಸದ ಲೇಪವಿರುವ ಹಳೆಯ ಟ್ಯಾಂಕುಗಳು ಸವೆಯುತ್ತವೆ. ಒಳಗೆ ಪಿಟಿಎಫ್‌ಇ (ಟೆಫ್ಲಾನ್) ಪದರವಿರುವ ಪೈಪು, ಫ್ಲೋರೊ ರಬ್ಬರಿನ ಓ ರಿಂಗು, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಆನೊಡೈಸ್ ಮಾಡಿದ ರೈಲು ಇದ್ದರೆ ಚಿಂತೆಯಿಲ್ಲ. ಜನ ಮರೆಯುವ ಜಾಗ ಟ್ಯಾಂಕಿನೊಳಗೆ ಪಂಪಿಗೆ ಜೋಡಿಸಿರುವ ಗೇಣುದ್ದದ ಪೈಪು. ಅದು ಹೊರಗೂ ಒಳಗೂ ಇಂಧನದಲ್ಲೇ ಮುಳುಗಿರುವುದರಿಂದ ಮುಳುಗಿಸಲೆಂದೇ ತಯಾರಿಸಿದ, ಎಸ್‌ಎಇ 30ಆರ್10 ಎಂದು ಮುದ್ರಿಸಿದ ಪೈಪೇ ಬೇಕು.

ಹಳೆಯ ಕಾರಾದರೆ ಇನ್ನೊಂದು ಕೆಲಸವಿದೆ. ವರ್ಷಗಳಿಂದ ಟ್ಯಾಂಕಿನ ಗೋಡೆಗೆ ಅಂಟಿದ್ದ ಕಲ್ಮಶವನ್ನು ಎಥೆನಾಲ್ ಎಬ್ಬಿಸಿ ಫಿಲ್ಟರಿಗೆ ತಂದು ತುಂಬುತ್ತದೆ. ಎರಡು ಟ್ಯಾಂಕ್ ಓಡಿದ ಮೇಲೆ ಫಿಲ್ಟರನ್ನು ಕಡ್ಡಾಯವಾಗಿ ಬದಲಾಯಿಸಿ.

ಪ್ರಶ್ನೆ: ಹಳೆಯ ಕಾರ್ಬುರೇಟರ್ ಕಾರನ್ನು ಇ85ಕ್ಕೆ ತರಬಹುದೇ? ಇಂಧನ ಹರಿಯುವ ರಂಧ್ರವಾದ ಜೆಟ್ಟನ್ನು ಎಷ್ಟು ದೊಡ್ಡದು ಮಾಡಬೇಕು?

ಉತ್ತರ: ತರಬಹುದು. ಹರಿವು ಶೇಕಡ 40ರಷ್ಟು ಹೆಚ್ಚಬೇಕಾದರೆ ರಂಧ್ರದ ವಿಸ್ತೀರ್ಣ ಅಷ್ಟು ಹೆಚ್ಚಬೇಕು, ವ್ಯಾಸವಲ್ಲ; ವ್ಯಾಸದಲ್ಲಿ ಅದು ಶೇಕಡ 18ರ ಹೆಚ್ಚಳ. 140ರ ಮುಖ್ಯ ಜೆಟ್ಟಿದ್ದರೆ 165ರಿಂದ ಆರಂಭಿಸಿ, ಪ್ಲಗ್ ಮತ್ತು ಲ್ಯಾಮ್ಡಾ ನೋಡಿ ತಿದ್ದಿಕೊಳ್ಳಿ. ಐಡಲ್ ಜೆಟ್, ಆಕ್ಸಿಲರೇಟರ್ ಪಂಪು, ಫ್ಲೋಟಿನ ಸೂಜಿ ವಾಲ್ವುಗಳೂ ಅದೇ ಲೆಕ್ಕದಲ್ಲಿ ದೊಡ್ಡವಾಗಬೇಕು. ಮುಖ್ಯ ಜೆಟ್ ಒಂದನ್ನೇ ಬದಲಾಯಿಸಿದರೆ ಪೂರ್ಣ ವೇಗದಲ್ಲಿ ಕಾರ್ಬುರೇಟರಿನಲ್ಲಿ ಇಂಧನ ನಿಲ್ಲುವ ಬೌಲ್ ಬರಿದಾಗುತ್ತದೆ. ಕಂಪ್ರೆಷನ್ ಏರಿಸದಿದ್ದರೆ ಮಾತ್ರ ಇಷ್ಟು ಶ್ರಮಕ್ಕೆ ತಕ್ಕ ಫಲ ಇಲ್ಲ.

ಪ್ರಶ್ನೆ: ನನ್ನ ಕಾರು ತಿಂಗಳಿಗೊಮ್ಮೆ ಟ್ರ್ಯಾಕಿಗೆ ಹೋಗುತ್ತದೆ, ಉಳಿದಂತೆ ಶೆಡ್ಡಿನಲ್ಲಿ ನಿಂತಿರುತ್ತದೆ. ಚಳಿಯ ಬೆಳಗಿನಲ್ಲಿ ಸ್ಟಾರ್ಟ್ ಆಗುವುದೂ ಕಷ್ಟ. ಇ85ರಲ್ಲಿಯೇ ಇಡಬಹುದೇ?

ಉತ್ತರ: ಎಥೆನಾಲ್ ಚಳಿಯಲ್ಲಿ ಸುಲಭವಾಗಿ ಆವಿಯಾಗುವುದಿಲ್ಲ, ಆವಿಯಾಗದ ಇಂಧನ ಹೊತ್ತಿಕೊಳ್ಳುವುದೂ ಇಲ್ಲ. 1979ರಲ್ಲಿ ಫಿಯಟ್ 147 ಮೂಲಕ ಬ್ರೆಜಿಲ್‌ನಲ್ಲಿ ಆರಂಭವಾದ ಎಥೆನಾಲ್ ಕಾರುಗಳ ಕಾಲದಲ್ಲಿ ಇದಕ್ಕೆಂದೇ ಬಾನೆಟ್ಟಿನಡಿ ಪುಟ್ಟದೊಂದು ಪೆಟ್ರೋಲ್ ಟ್ಯಾಂಕ್ ಇಡುವ ರೂಢಿಯಿತ್ತು. ಇಂದು ಸ್ಟಾರ್ಟಿಂಗ್ ಹೊತ್ತಿನ ಇಂಧನವನ್ನು ತಾಪಮಾನಕ್ಕೆ ತಕ್ಕಂತೆ ಇಸಿಯುವಿನಲ್ಲಿ ಹೆಚ್ಚಿಸಿ ಕೆಲಸ ಸಾಧಿಸುತ್ತಾರೆ. ಹಾಗೆ ಹೆಚ್ಚಿಸಿದ್ದರಲ್ಲಿ ಉರಿಯದ ಪಾಲು ಪಿಸ್ಟನ್ ರಿಂಗುಗಳನ್ನು ದಾಟಿ ಆಯಿಲಿಗೆ ಇಳಿಯುತ್ತದೆ. ಶೆಡ್ಡಿನಲ್ಲಿ ಎರಡು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ. ಎಥೆನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ. ಆಯಿಲ್ ಅದಕ್ಕಿಂತ ಮೇಲೆ ಕಾದು, ಸ್ವಲ್ಪ ಹೊತ್ತು ಹಾಗೆಯೇ ಓಡಿದರೆ ಮಾತ್ರ ಒಳಗಿಳಿದದ್ದು ಹೊರಹೋಗುತ್ತದೆ.

ನಿಲ್ಲಿಸಿಡುವ ಕಾರಿನಲ್ಲಿ ಇ85 ಬೇಡವೆಂದೇ ನನ್ನ ಅಭಿಪ್ರಾಯ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಇಂಜೆಕ್ಟರಿನ ತುದಿಯಲ್ಲಿ ಒಣಗಿದ ಅಂಟು ಕೂರುತ್ತದೆ. ಟ್ರ್ಯಾಕಿನಿಂದ ಬರುವಾಗ ಟ್ಯಾಂಕನ್ನು ಆದಷ್ಟು ಬರಿದು ಮಾಡಿ, ಪೆಟ್ರೋಲ್ ತುಂಬಿಸಿ, ಇಸಿಯುವನ್ನು ಪೆಟ್ರೋಲಿನ ಮ್ಯಾಪಿಗೆ (ಪೆಟ್ರೋಲಿಗೆಂದು ಹೊಂದಿಸಿದ ಟ್ಯೂನಿಂಗಿಗೆ) ಬದಲಾಯಿಸಿ, ಇಪ್ಪತ್ತು ನಿಮಿಷವಾದರೂ ಬೂಸ್ಟ್ ಇಲ್ಲದೆ ಓಡಿಸಿದ ಮೇಲೆ ಶೆಡ್ಡಿಗೆ ಸೇರಿಸಿ. ಮ್ಯಾಪ್ ಬದಲಾಯಿಸಿದ್ದೀರೋ ಇಲ್ಲವೋ ಎಂಬುದನ್ನು ಮುಂದಿನ ಸಲ ಕೀಲಿ ತಿರುಗಿಸುವ ಮುನ್ನ ಕಾಣುವಂತೆ, ಸ್ಟೀರಿಂಗಿಗೆ ಒಂದು ಚೀಟಿ ಅಂಟಿಸಿಡಿ.